ಪ್ಯಾಟರ್‌ಸನ್ನಿನ ಪೆರು ಊಟ, ನಮ್ಮ ಬೋಟಿ ಗೊಜ್ಜು

ಮಾನ್ಯ ಸಂಪಾದಕರೇ,

ಎರಡು ವಾರಗಳ ಹಿಂದೆ ನಿಮ್ಮ ಓದುಗರ ಪತ್ರಗಳ ಅಂಕಣದಲ್ಲಿ ಹಿರಿಯರೊಬ್ಬರು ನೊಂದು ಬರೆದಿದ್ದರು. ಬೆಂಗಳೂರಿನಲ್ಲಿ ಬೀದಿಗೊಂದು ಪರದೇಶದ ಹೋಟೆಲು ತೆರೆಯುತ್ತಿದೆ, ಕಂಡು ಕೇಳರಿಯದ ಊಟಕ್ಕೆ ನಮ್ಮ ಮಕ್ಕಳು ಸಾಲುಗಟ್ಟಿ ನಿಲ್ಲುತ್ತಿದ್ದಾರೆ, ಹೀಗಾದರೆ ನಮ್ಮ ಊಟ ಉಳಿಯುವುದು ಹೇಗೆ ಎಂಬುದು ಅವರ ಪ್ರಶ್ನೆ. ‘ಪೆರು ದೇಶದವರ ಹಸಿ ಮೀನಿನ ತಟ್ಟೆ ನಮಗೇಕೆ?’ ಎಂದೂ ಕೇಳಿದ್ದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಹಸಿ ಮೀನಿನ ತಟ್ಟೆಯ ಮುಂದೆ ಕುಳಿತಾಗಲೇ ನಮ್ಮ ಊಟ ಉಳಿಯುವ ದಾರಿ ನನಗೆ ಕಂಡದ್ದು. ಅದನ್ನು ಹೇಳಲು ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ನಾನು ಹಾಸನ ತಾಲ್ಲೂಕು ದುದ್ದ ಹೋಬಳಿಯ ಆಲೂಗಡ್ಡೆ ಬೆಳೆಗಾರರ ಮಗಳು. 2005ರಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆಯ ಕೆಲಸ. ಊರು ಎಂದರೆ ಇಂದಿಗೂ ದುದ್ದದ ಕಡೆಯ ಕೆಂಪು ನೆಲ ಕಣ್ಣ ಮುಂದೆ ಬರುತ್ತದೆ. ಮನೆ ಎಂದರೆ ಈಗ ಕ್ಲಿಫ್ಟನ್ ಪಟ್ಟಣ. ಅಲ್ಲಿಂದ ಕಳೆದ ವರ್ಷ ಜೂನ್ ತಿಂಗಳಲ್ಲಿ ಯಜಮಾನರು, ಮಗಳು ಮತ್ತು ನಾನು ಪೆರುವಿಗೆ ಹೋಗಿಬಂದೆವು. ಎಲ್ಲರೂ ಹೋಗುವುದು ಮಾಚು ಪಿಚುವಿನ ಕಲ್ಲಿನ ಊರು ನೋಡಲು. ನಾವೂ ನೋಡಿದೆವು, ಕಣ್ಣು ತುಂಬಿತು. ಅದರ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕುಸ್ಕೊ ನಗರದ ಸ್ಯಾನ್ ಪೆದ್ರೊ ಮಾರುಕಟ್ಟೆ.

ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದ ಊರು ಅದು. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಆ ಮಾರುಕಟ್ಟೆಯಲ್ಲಿ ಟೋಪಿ ಹಾಕಿಕೊಂಡ ಹೆಂಗಸರು ಆಲೂಗಡ್ಡೆಯ ರಾಶಿ ಹಾಕಿಕೊಂಡು ಕುಳಿತಿದ್ದರು. ಒಂದು ರಾಶಿ ನೇರಳೆಹಣ್ಣಿನ ಬಣ್ಣ, ಒಂದು ಬೀಟ್‌ರೂಟಿನ ಬಣ್ಣ, ಇನ್ನೊಂದು ಮೊಟ್ಟೆಯ ಹಳದಿಯಂಥದ್ದು. ಒಂದು ಜಾತಿಯಂತೂ ಮೈಯೆಲ್ಲ ಗುಬುಟು ಗುಬುಟು, ಹಸಿ ಶುಂಠಿ ಊದಿಕೊಂಡ ಹಾಗೆ. ಅದಕ್ಕೆ ಅಲ್ಲಿನ ಮೂಲನಿವಾಸಿಗಳ ಕೆಚುವಾ ಭಾಷೆಯಲ್ಲಿ ‘ಸೊಸೆಯನ್ನು ಅಳಿಸುವ ಗಡ್ಡೆ’ ಎಂಬ ಅರ್ಥದ ಹೆಸರಿದೆ. ಮನೆಗೆ ಬಂದ ಹೊಸ ಸೊಸೆಯ ಕೈಗೆ ಅತ್ತೆ ಇದನ್ನು ಕೊಟ್ಟು, ತಿರುಳು ಹಾಳಾಗದಂತೆ ಸಿಪ್ಪೆ ತೆಗೆ ಎನ್ನುತ್ತಿದ್ದಳಂತೆ. ರಾತ್ರಿ ಊರಿಗೆ ಫೋನ್ ಮಾಡಿ ಅಮ್ಮನಿಗೆ ಇದನ್ನು ಹೇಳಿದೆ. ಅವರು ಕತೆಯನ್ನು ಪೂರ್ತಿ ಕೇಳಿ, ‘ಅದರ ಬಿತ್ತನೆ ಸಿಗುತ್ತದೆಯೇ?’ ಎಂದರು.

ಆ ಪ್ರಶ್ನೆಯ ಹಿಂದೆ ಒಂದು ಜೀವಮಾನವೇ ಇದೆ. ನಮ್ಮ ಹೊಲಕ್ಕೆ ಬರುತ್ತಿದ್ದದ್ದು ಒಂದೇ ಜಾತಿ, ಕುಫ್ರಿ ಜ್ಯೋತಿ. ಮೇ ತಿಂಗಳಲ್ಲಿ ಜಲಂಧರಿನಿಂದ ಲಾರಿಗಳು ಹಾಸನದ ಎಪಿಎಂಸಿ ಪ್ರಾಂಗಣಕ್ಕೆ ಬಂದು ನಿಂತರೆ ಅಪ್ಪ ಮೂಟೆ ಮೂಟೆ ಬಿತ್ತನೆ ಗಡ್ಡೆ ತರುತ್ತಿದ್ದರು. ಅಮ್ಮನೂ ಅಕ್ಕಪಕ್ಕದ ಹೆಂಗಸರೂ ಕುಳಿತು, ಪ್ರತಿ ಹೋಳಿಗೂ ಕಣ್ಣು ಬರುವಂತೆ ಕತ್ತರಿಸುತ್ತಿದ್ದರು. ಜುಲೈಯಲ್ಲಿ ಮೋಡ ಮುಸುಕಿ ಸೋನೆ ಹಿಡಿದರೆ ಎದೆ ಡವಗುಟ್ಟುತ್ತಿತ್ತು. ಅಂಗಮಾರಿ ರೋಗ ಬಿದ್ದರೆ ಹಸಿರಾಗಿದ್ದ ಹೊಲ ಕೆಲವೇ ದಿನಗಳಲ್ಲಿ ಸುಟ್ಟ ಹಾಗೆ ಕಪ್ಪಾಗುತ್ತಿತ್ತು. ಎಲ್ಲರ ಹೊಲದಲ್ಲೂ ಒಂದೇ ಜಾತಿ, ಎಲ್ಲರ ಹೊಲವೂ ಒಟ್ಟಿಗೆ ಹೋಗುತ್ತಿತ್ತು. ಈ ಬೆಳೆಯ ತವರಾದ ಪೆರುವಿನಲ್ಲಿ ಸಾವಿರಾರು ಬಗೆಯ ಗಡ್ಡೆಗಳಿವೆ. ಲಿಮಾ ನಗರದಲ್ಲಿ 1971ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಅವುಗಳನ್ನು ಜೋಪಾನ ಮಾಡುತ್ತಿದೆ. ಪೆರುವಿನವರು ಗಡ್ಡೆಯನ್ನು ಕರೆಯುವುದು ‘ಪಾಪಾ’ ಎಂದು. ಆ ಮಾರುಕಟ್ಟೆಯಲ್ಲಿ ನಿಂತಾಗ ನನಗೆ ಪರದೇಶ ಎಂದು ಅನಿಸಲೇ ಇಲ್ಲ.

ಮರಳಿ ಬಂದ ಮೇಲೆ ನಾಲಿಗೆ ಸುಮ್ಮನಿರಲಿಲ್ಲ. ಮೊದಲು ಹೋದದ್ದು ಒಂದು ದೊಡ್ಡ ಹೋಟೆಲಿಗೆ. ಮೆತ್ತನೆಯ ದೀಪ, ಅಗಲವಾದ ತಟ್ಟೆ, ನಡುವೆ ಒಂದು ಹಿಡಿ ಊಟ. ಲಿಮಾದಲ್ಲಿ ಕಣ್ಣಲ್ಲಿ ನೀರು ಬರಿಸಿದ ಸೆವಿಚೆ, ಅಂದರೆ ಆ ಹಸಿ ಮೀನಿನ ತಿನಿಸು, ಇಲ್ಲಿ ಮಾವಿನ ಹೋಳು ಹಾಕಿಸಿಕೊಂಡು ಸಿಹಿಸಿಹಿಯಾಗಿ ಕುಳಿತಿತ್ತು. ಖಾರ ಎಲ್ಲಿ ಎಂದು ಕೇಳಿದರೆ, ‘ನಮ್ಮ ಗಿರಾಕಿಗಳಿಗೆ ಆಗುವುದಿಲ್ಲ’ ಎಂಬ ಉತ್ತರ ಬಂತು. ಮರುದಿನ ಪ್ರಯೋಗಾಲಯದಲ್ಲಿ ನನ್ನ ಸಹೋದ್ಯೋಗಿಯ ಹತ್ತಿರ ಇದನ್ನು ತೋಡಿಕೊಂಡೆ. ಅವರು ಲಿಮಾದ ಪಕ್ಕದ ಬಂದರು ಕಯಾವೊದವರು. ನನ್ನ ಮಾತು ಮುಗಿಯುವ ಮೊದಲೇ, ‘ಶನಿವಾರ ಮಧ್ಯಾಹ್ನ ಹನ್ನೆರಡೂವರೆಗೆ ಸಿದ್ಧವಾಗಿರು’ ಎಂದರು. ಅವರೂರಿನಲ್ಲಿ ಸೆವಿಚೆ ಮಧ್ಯಾಹ್ನದ ಊಟ. ಬೆಳಗ್ಗೆ ದೋಣಿಯಿಂದ ಇಳಿದ ಮೀನನ್ನು ಸಂಜೆಯವರೆಗೆ ಇಡಬಾರದು ಎಂಬುದು ಹಿರಿಯರ ಕಟ್ಟಳೆ. ಶೀತಲ ಪೆಟ್ಟಿಗೆ ಇರುವ ಈ ದೇಶದಲ್ಲೂ ಅವರು ಒಂದು ಗಂಟೆಯ ಮೇಲೆ ಸೆವಿಚೆಗೆ ಹೊರಡುವುದಿಲ್ಲ.

ನಮ್ಮ ಮನೆಯಿಂದ ಕಾರಿನಲ್ಲಿ ಹದಿನೈದು ನಿಮಿಷ, ಪ್ಯಾಟರ್‌ಸನ್. ಒಂದು ಕಾಲದಲ್ಲಿ ಅಮೆರಿಕದ ರೇಷ್ಮೆ ನಗರ ಎಂದು ಹೆಸರಾಗಿದ್ದ ಊರು. ಪಸೇಯಿಕ್ ನದಿಯ ಜಲಪಾತದ ಬಲದಿಂದ ಗಿರಣಿಗಳು ಎದ್ದು ನಿಂತ ಊರು. ಆ ಗಿರಣಿ, ಕಾರ್ಖಾನೆಗಳಲ್ಲಿ ದುಡಿಯಲು ಬಂದ ಪೆರುವಿನವರು ಇಲ್ಲೇ ಬೇರುಬಿಟ್ಟರು. ಮಾರ್ಕೆಟ್ ಸ್ಟ್ರೀಟಿನ ಒಂದು ಭಾಗಕ್ಕೆ 2016ರಲ್ಲಿ ‘ಪೆರು ಸ್ಕ್ವೇರ್’ ಎಂದು ಹೆಸರಾಯಿತು. ಪೆರು ದೇಶದ ಕಾನ್ಸಲ್ ಕಚೇರಿಯೇ ಈ ಊರಿನಲ್ಲಿದೆ. ಅಕ್ಟೋಬರಿನಲ್ಲಿ ನೇರಳೆ ಬಟ್ಟೆ ತೊಟ್ಟ ಭಕ್ತರು ‘ಪವಾಡಗಳ ಸ್ವಾಮಿ’ಯ ಚಿತ್ರಪಟ ಹೊತ್ತು ಬೀದಿಯಲ್ಲಿ ಮೆರವಣಿಗೆ ಹೊರಡುತ್ತಾರೆ, ನಮ್ಮ ಊರಿನ ಅಡ್ಡೆಯ ಉತ್ಸವದ ಹಾಗೆ. ಇಷ್ಟು ವರ್ಷ ಆ ದಾರಿಯಲ್ಲಿ ಓಡಾಡಿದ್ದೇನೆ, ಒಂದು ದಿನವೂ ಇಳಿದು ನೋಡಿರಲಿಲ್ಲ. ಅದರ ಬೇಸರ ನನಗೆ ಇನ್ನೂ ಹೋಗಿಲ್ಲ.

ಹೋಟೆಲಿನ ಹೆಸರು ಬರೆಯುವುದಿಲ್ಲ, ಪತ್ರ ಜಾಹೀರಾತಾಗಬಾರದು. ಹನ್ನೆರಡು ಮೇಜು, ಗೋಡೆಯ ಮೇಲೆ ಟಿವಿ, ಅದರಲ್ಲಿ ಫುಟ್‌ಬಾಲ್. ಅಜ್ಜಂದಿರು, ಅಜ್ಜಿಯರು, ತೊಟ್ಟಿಲ ಕೂಸುಗಳು. ಬಡಿಸುವ ಹೆಂಗಸು ನನ್ನ ಸಹೋದ್ಯೋಗಿಯನ್ನು ‘ಕಾಸೆರಿತಾ’ ಎಂದು ಕರೆದರು. ನಮ್ಮಲ್ಲಿ ವರ್ತನೆಯ ಗಿರಾಕಿ ಎನ್ನುತ್ತೇವಲ್ಲ, ಅದೇ ಅರ್ಥ, ಅದೇ ಸಲಿಗೆ. ಮೊದಲಿಗೆ ಹುರಿದ ಮುಸುಕಿನ ಜೋಳದ ಬಟ್ಟಲು ಬಂತು. ಕಾಂಚಾ ಎನ್ನುತ್ತಾರೆ. ಅರಳಿಲ್ಲ, ಒಳಗೆ ಮಾತ್ರ ಹುಡಿಯಾಗಿರುತ್ತದೆ. ಉಪ್ಪು ಹಾಕಿ ಹುರಿದದ್ದು. ಸಂತೆಯಿಂದ ಅಪ್ಪ ಪೊಟ್ಟಣ ಕಟ್ಟಿಸಿಕೊಂಡು ತರುತ್ತಿದ್ದ ಹುರಿಗಾಳಿನ ನೆನಪು ನನ್ನ ಕೈಯನ್ನು ಮತ್ತೆ ಮತ್ತೆ ಬಟ್ಟಲಿಗೆ ಎಳೆಯಿತು.

ಆಮೇಲೆ ಸೆವಿಚೆ. ಪತ್ರ ಬರೆದ ಹಿರಿಯರು ದಯವಿಟ್ಟು ಇದನ್ನು ಓದಬೇಕು. ಹೆಬ್ಬೆರಳಿನ ತುದಿಯಷ್ಟು ದಪ್ಪದ ಮೀನಿನ ತುಂಡುಗಳು. ಬಡಿಸುವ ಸ್ವಲ್ಪ ಹೊತ್ತಿನ ಮುಂಚೆ ಉಪ್ಪು, ಹಿಂಡಿದ ನಿಂಬೆರಸ, ಕೊಚ್ಚಿದ ಹಸಿ ಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಹುಳಿ ತಾಗಿದೊಡನೆ ಗಾಜಿನಂತಿದ್ದ ಮೀನು ಹೊರಗಿನಿಂದ ಒಳಕ್ಕೆ ಬೆಳ್ಳಗಾಗುತ್ತ ಹೋಗುತ್ತದೆ, ಕಾದ ಬಾಣಲೆಯಲ್ಲಿ ಮೊಟ್ಟೆಯ ಬಿಳಿ ಆದ ಹಾಗೆ. ಬೆಂಕಿ ಮಾಡುವ ಕೆಲಸವನ್ನು ಹುಳಿ ಮಾಡುತ್ತದೆ. ಆದರೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳಾಗಿ ಒಂದು ಮಾತು ಹೇಳಲೇಬೇಕು: ನಿಂಬೆರಸ ರೋಗಾಣುಗಳನ್ನು ಬೆಂಕಿಯಷ್ಟು ಚೆನ್ನಾಗಿ ಕೊಲ್ಲುವುದಿಲ್ಲ. ಮೀನು ತಾಜಾ ಇರಲೇಬೇಕು, ಕೈ ಶುದ್ಧವಿರಲೇಬೇಕು. 1991ರಲ್ಲಿ ಪೆರುವಿನಲ್ಲಿ ಕಾಲರಾ ಹರಡಿದಾಗ ಅವರ ಮನೆಯಲ್ಲಿ ತಿಂಗಳುಗಟ್ಟಲೆ ಸೆವಿಚೆ ಮಾಡಿರಲಿಲ್ಲವೆಂದು ಸಹೋದ್ಯೋಗಿ ಹೇಳಿದರು. ಪಕ್ಕದಲ್ಲಿ ಬೇಯಿಸಿದ ಸಿಹಿಗೆಣಸಿನ ಒಂದು ಬಿಲ್ಲೆ, ಹುಣಸೆ ಬೀಜದಷ್ಟು ದೊಡ್ಡ ಕಾಳಿನ ಬೆಂದ ಜೋಳ. ಹುಳಿ, ಖಾರ ನೆತ್ತಿಗೇರಿದಾಗ ಒಂದು ಚೂರು ಗೆಣಸು ತಿಂದರೆ ನಾಲಿಗೆಗೆ ನೆಮ್ಮದಿ. ತಟ್ಟೆಯ ತಳದಲ್ಲಿ ಉಳಿಯುವ ಬೆಳ್ಳನೆಯ ರಸಕ್ಕೆ ‘ಹುಲಿಯ ಹಾಲು’ ಎಂದು ಹೆಸರು. ಅದನ್ನು ಬಿಡುವಂತಿಲ್ಲ. ಎಲೆಯ ಮೇಲಿನ ಕೊನೆಯ ತಿಳಿಸಾರನ್ನು ನಾವು ಕೈಯಲ್ಲಿ ಗೋರಿ ಕುಡಿಯುತ್ತೇವಲ್ಲ, ಹಾಗೆ ಅವರು ಚಮಚದಲ್ಲಿ ಕುಡಿದರು, ನಾನೂ ಕುಡಿದೆ. ಈ ಸೆವಿಚೆ ಮಾಡುವ, ಉಣ್ಣುವ ಪದ್ಧತಿಯನ್ನು 2023ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದೆ.

ನಮ್ಮ ಪಕ್ಕದ ಮೇಜಿನಲ್ಲಿ ಎಂಬತ್ತರ ಹತ್ತಿರದ ಅಜ್ಜ ಒಬ್ಬರೇ ಕುಳಿತಿದ್ದರು. ಅವರ ತಟ್ಟೆ ಬಂತು. ಮೇಲೆ ಹರಡಿದ್ದ ಕೆಂಪು ಈರುಳ್ಳಿಯ ಒಂದು ಎಳೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಬಡಿಸುವವರನ್ನು ಕರೆದು ಏನೋ ಹೇಳಿದರು. ಒಳಗಿನಿಂದ ಅಡುಗೆಯಾಕೆ ಸೆರಗಿನಂತಿದ್ದ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಂದು, ಆ ಎಳೆಯನ್ನು ತಾನೂ ನೋಡಿ, ಒಂದು ಮಾತೂ ಆಡದೆ ತಟ್ಟೆಯನ್ನು ಎತ್ತಿಕೊಂಡು ಹೋದರು. ‘ಈರುಳ್ಳಿ ದಪ್ಪವಾಗಿದೆಯಂತೆ’ ಎಂದು ಸಹೋದ್ಯೋಗಿ ನನಗೆ ತಿಳಿಸಿದರು. ಹಕ್ಕಿಯ ಪುಕ್ಕದಷ್ಟು ತೆಳ್ಳಗೆ ಹೆಚ್ಚಿ, ತಣ್ಣೀರಿನಲ್ಲಿ ತೊಳೆದು ಹಾಕಬೇಕು. ಹೊಸದಾಗಿ ಸೇರಿದ ಹುಡುಗ ಹೆಚ್ಚಿದ್ದನಂತೆ. ಐದು ನಿಮಿಷದಲ್ಲಿ ಬೇರೆ ತಟ್ಟೆ ಬಂತು. ಅಜ್ಜ ಮತ್ತೆ ಒಂದು ಎಳೆ ಎತ್ತಿ ನೋಡಿ, ತಲೆದೂಗಿ, ಊಟ ಆರಂಭಿಸಿದರು.

ಆ ಹೋಟೆಲಿನ ಅಸಲಿ ರುಚಿಯ ಗುಟ್ಟು ಆ ಅಜ್ಜ. ದೊಡ್ಡ ಹೋಟೆಲಿನಲ್ಲಿ ಮಾವಿನ ಹೋಳನ್ನು ಎತ್ತಿ ಹಿಡಿದು ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ. ಇಲ್ಲಿ ಉಣ್ಣುವವರೇ ಮೇಷ್ಟ್ರು.

ಮಿಕ್ಕದ್ದನ್ನು ಬೇಗ ಹೇಳುತ್ತೇನೆ. ವಾಂಕಾಯಿನಾ ಎಂಬುದು ಬೇಯಿಸಿದ ಆಲೂಗಡ್ಡೆಯ ಮೇಲೆ ಹಳದಿ ಗೊಜ್ಜು ಸುರಿದ ತಿನಿಸು. ಅರಿಶಿನ ಎಂದುಕೊಂಡೆ. ಅಲ್ಲವಂತೆ, ಆಹಿ ಅಮರಿಯೊ ಎಂಬ ಮೆಣಸಿನಕಾಯಿಯ ಬಣ್ಣವೇ ಅದು. ಅದಕ್ಕೆ ಹಸಿ ಚೀಸ್, ಹಾಲು, ಬಿಸ್ಕತ್ತು ಸೇರಿಸಿ ರುಬ್ಬುತ್ತಾರೆ. ಖಾರಕ್ಕಿಂತ ಘಮ ಹೆಚ್ಚು. ಬ್ಯಾಡಗಿ ಮೆಣಸಿನಕಾಯಿಯ ಗುಣ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಲೋಮೊ ಸಾಲ್ತಾದೊ ಎಂಬ ದನದ ಮಾಂಸದ ಹುರಿಗೆಯಲ್ಲಿ ಸೋಯಾ ಸಾಸ್ ಇರುತ್ತದೆ. 1849ರಿಂದ ಕೂಲಿಗಾಗಿ ಬಂದ ಚೀನಿಯರು ಕೊಟ್ಟ ಕೊಡುಗೆ. ಒಂದೇ ತಟ್ಟೆಯಲ್ಲಿ ಅನ್ನವನ್ನೂ ಕರಿದ ಆಲೂಗಡ್ಡೆಯನ್ನೂ ಇಟ್ಟು ಕೊಡುತ್ತಾರೆ. ಕೆಂಡದಲ್ಲಿ ತಿರುಗಿಸಿ ಸುಟ್ಟ ಕೋಳಿ ಅವರ ಮನೆಮಾತು. ಅದನ್ನು ಲಿಮಾದ ಹೊರವಲಯದಲ್ಲಿ 1950ರಲ್ಲಿ ಶುರುಮಾಡಿದವರು ಸ್ವಿಟ್ಜರ್ಲೆಂಡಿನಿಂದ ಬಂದ ಒಬ್ಬರು. ಹೊರಗಿನಿಂದ ಬಂದದ್ದು ಅವರ ಊಟವನ್ನು ಕೊಂದಿಲ್ಲ, ಪತ್ರ ಬರೆದ ಹಿರಿಯರಿಗೆ ಇದನ್ನು ವಿನಯದಿಂದ ತಿಳಿಸುತ್ತೇನೆ.

ಇನ್ನೊಂದು ತಟ್ಟೆಯ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಹೆಸರು ಕಾವ್ ಕಾವ್. ಸಹೋದ್ಯೋಗಿ ತಮಗಾಗಿ ತರಿಸಿಕೊಂಡು, ನನ್ನ ಕಡೆ ನೋಡಿ, ‘ಇದು ನಿನಗೆ ಬೇಡವೇನೋ’ ಎಂದರು. ಹಳದಿ ರಸ, ಸಣ್ಣ ಚೌಕ ಚೌಕವಾಗಿ ಹೆಚ್ಚಿದ ಆಲೂಗಡ್ಡೆ, ಪುದೀನ. ಜೊತೆಗೆ ಜೇನುಗೂಡಿನಂಥ ಮೈಯ ಮೆತ್ತನೆಯ ತುಂಡುಗಳು. ಮೂಗಿಗೆ ವಾಸನೆ ಬಡಿದ ಕೂಡಲೇ ತಿಳಿಯಿತು. ಬೋಟಿ! ಅರಿಶಿನ ಹಾಕಿ ಬೇಯಿಸಿದ ಬೋಟಿ! ನಮ್ಮಮ್ಮ ಸುಣ್ಣದ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದು, ಅವರೆಕಾಳು ಹಾಕಿ ಮಾಡುವ ಬೋಟಿ ಗೊಜ್ಜಿನ ಅಕ್ಕ ತಂಗಿ ಅದು. ಅವರದು ದನದ್ದು, ನಮ್ಮದು ಕುರಿಯದ್ದು, ಅಷ್ಟೇ ವ್ಯತ್ಯಾಸ. ನಾನು ಚಮಚ ಬದಿಗಿಟ್ಟು ಬ್ರೆಡ್ಡಿನಲ್ಲಿ ರಸ ಒರೆಸಿ ತಿಂದೆ. ಸಹೋದ್ಯೋಗಿ ಬೆರಗಾಗಿ ನೋಡುತ್ತಿದ್ದರು. ಪಟ್ಟಿಯಲ್ಲಿ ಅದನ್ನು ಮರೆಮಾಚಿರಲಿಲ್ಲ, ನಾಚಿಕೊಂಡೂ ಇರಲಿಲ್ಲ. ಕೋಳಿಯ ಪಕ್ಕದಲ್ಲೇ ಸಮಸಮನಾಗಿ ಅಚ್ಚು ಮಾಡಿಸಿದ್ದರು.

ಕೊನೆಗೆ ಪಿಕರೋನೆಸ್. ಸಿಹಿಗುಂಬಳ, ಗೆಣಸು ಬೇಯಿಸಿ ಮಸೆದು, ಹಿಟ್ಟು, ಸೋಂಪು ಸೇರಿಸಿ ಹುದುಗಿಸಿದ ಹಿಟ್ಟು. ಅಡುಗೆಮನೆಯ ಕಿಂಡಿಯಿಂದ ನೋಡಿದೆ. ಆಕೆ ಬೆರಳನ್ನು ನೀರಿಗೆ ಅದ್ದಿ, ಅಂಟು ಹಿಟ್ಟನ್ನು ಹಿಡಿದೆತ್ತಿ, ಹೆಬ್ಬೆರಳಿನಿಂದ ತೂತು ಮಾಡಿ, ಬಳೆಯಂತೆ ಎಣ್ಣೆಗೆ ಜಾರಿಸುತ್ತಿದ್ದರು. ಉದ್ದಿನವಡೆಗೆ ನನ್ನ ಅಜ್ಜಿಯ ಕೈ ಹೀಗೇ ತಿರುಗುತ್ತಿತ್ತು. ಮೇಲೆ ಸುರಿಯುವುದು ಚಂಕಾಕಾ ಪಾಕ. ಚಂಕಾಕಾ ಎಂದರೆ ನಮ್ಮ ಬೆಲ್ಲವೇ. ಲವಂಗ, ಚಕ್ಕೆ, ಕಿತ್ತಳೆ ಸಿಪ್ಪೆ ಹಾಕಿ ಕಾಯಿಸಿದ್ದು. ಬಿಸಿ ವಡೆಯನ್ನು ಬೆಲ್ಲದ ಪಾಕದಲ್ಲಿ ಅದ್ದಿ ಕಚ್ಚಿದಾಗ ನನಗೆ ಅಳು ಬಂತು. ಯಾಕೆಂದು ಸಹೋದ್ಯೋಗಿ ಕೇಳಲಿಲ್ಲ.

ಹೊರಗೆ ಬಂದು ಕಾರು ಹತ್ತುವಾಗ ಅವರು ಕೇಳಿದ್ದು ಬೇರೆ. ‘ಇವತ್ತು ನಮ್ಮ ಊಟ ಆಯಿತು. ನಿಮ್ಮವರ ಊಟಕ್ಕೆ ಯಾವ ಹೋಟೆಲಿಗೆ ಕರೆದುಕೊಂಡು ಹೋಗುತ್ತೀಯಾ?’

ಸಂಪಾದಕರೇ, ನನ್ನ ಬಳಿ ಉತ್ತರವಿರಲಿಲ್ಲ. ನ್ಯೂಜೆರ್ಸಿಯಲ್ಲಿ ಭಾರತದ ಹೋಟೆಲುಗಳಿಗೆ ಬರವಿಲ್ಲ. ಎಡಿಸನ್ ಊರಿನ ಓಕ್ ಟ್ರೀ ರಸ್ತೆಯ ಉದ್ದಕ್ಕೂ ನಮ್ಮ ದೇಶದವರದೇ ಅಂಗಡಿ. ಆದರೆ ನಾನು ಹೋದ ಕಡೆಯೆಲ್ಲ ಪನೀರ್, ನಾನ್, ಬಿರಿಯಾನಿ, ಜೊತೆಗೆ ‘ಮೈಸೂರು’ ಎಂದು ಹೆಸರಿಟ್ಟ ಒಂದು ದೋಸೆ. ಮುದ್ದೆ ಇಲ್ಲ, ಬಸ್ಸಾರು ಇಲ್ಲ. ಹಿತಕಿದ ಬೇಳೆಯ ಸಾರನ್ನು ಕನಸಿನಲ್ಲಿ ಕಾಣಬೇಕು. ಕೆಲವು ವರ್ಷಗಳ ಹಿಂದೆ ನಮ್ಮವರೇ ಆದ ಮಾಲೀಕರೊಬ್ಬರ ಬಳಿ, ಭಾನುವಾರ ಒಂದು ಹೊತ್ತು ಮುದ್ದೆ ಮಾಡಿ ಎಂದು ಕೇಳಿಕೊಂಡಿದ್ದೆ. ‘ಅಕ್ಕಾ, ಅದನ್ನು ಯಾರು ತಿನ್ನುತ್ತಾರೆ? ನೋಡಿದರೆ ಜನ ಎದ್ದು ಹೋಗುತ್ತಾರೆ’ ಎಂದಿದ್ದರು. ಆಗ ನಾನೂ ಒಪ್ಪಿ ಸುಮ್ಮನಾದೆ. ಈಗ ಒಪ್ಪುವುದಿಲ್ಲ. ಬೋಟಿಯನ್ನು ಕೋಳಿಯ ಪಕ್ಕದಲ್ಲಿ ಅಚ್ಚು ಹಾಕಿಸಿದ ಹೋಟೆಲಿನಲ್ಲಿ ಶನಿವಾರ ಜಾಗ ಸಿಗಲು ನಾವು ಇಪ್ಪತ್ತು ನಿಮಿಷ ಬಾಗಿಲಲ್ಲಿ ನಿಂತಿದ್ದೆವು. ಒಳಗಿದ್ದವರಲ್ಲಿ ಮುಕ್ಕಾಲು ಪಾಲು ಪೆರುವಿನವರೇ. ಅವರು ವಾರವಾರ ಬರುತ್ತಾರೆ, ದುಡ್ಡು ಕೊಡುತ್ತಾರೆ, ಈರುಳ್ಳಿ ದಪ್ಪವಾದರೆ ತಟ್ಟೆ ವಾಪಸು ಕಳಿಸುತ್ತಾರೆ. ನಾವು ಹಾಗೆ ಮಾಡಿದ್ದೇವೆಯೇ? ಮನೆಗೆ ಅತಿಥಿ ಬಂದರೆ ಮುದ್ದೆ ಕೋಲನ್ನು ಒಳಗಿಟ್ಟು ಪನೀರ್ ಮಾಡುವವರು ನಾವು. ಹೋಟೆಲಿನವರನ್ನು ಒಬ್ಬರನ್ನೇ ದೂರಿ ಏನು ಫಲ?

ಮರುತಿಂಗಳು ಸಹೋದ್ಯೋಗಿಯನ್ನು ಮನೆಗೇ ಕರೆದೆ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಬೋಟಿ ಗೊಜ್ಜು. ಮೊದಲ ತುತ್ತನ್ನು ನಾನೇ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಒಂದು ಗುಳಿ ಒತ್ತಿ ಸಾರಿನಲ್ಲಿ ಅದ್ದಿ ತೋರಿಸಿದೆ. ಅಗಿಯಬಾರದು, ನುಂಗಬೇಕು ಎಂದೆ. ಎರಡನೆಯ ತುತ್ತಿಗೆ ಅವರಿಗೆ ಕೈ ಕೂತಿತು. ಗೊಜ್ಜನ್ನು ಬಾಯಿಗಿಟ್ಟು ಕಣ್ಣು ಮುಚ್ಚಿ, ‘ಇದರಲ್ಲಿ ಪುದೀನ ಇಲ್ಲ, ಆದರೆ ಇದು ನಮ್ಮ ಅಜ್ಜಿಯ ಅಡುಗೆಮನೆ’ ಎಂದರು. ಇನ್ನೊಂದು ಮುದ್ದೆ ಹಾಕಿಸಿಕೊಂಡರು.

ಹಿರಿಯರು ನೊಂದುಕೊಂಡ ಬೆಂಗಳೂರಿನಲ್ಲಿ ಇಂದಿಗೂ ಮಿಲಿಟರಿ ಹೋಟೆಲುಗಳಿವೆ. ಪ್ಯಾಟರ್‌ಸನ್ನಿನ ಆ ಹೋಟೆಲಿಗೂ ಅವಕ್ಕೂ ನನಗೆ ಭೇದ ಕಾಣುವುದಿಲ್ಲ. ಆ ಹಿರಿಯರು ಕೊನೆಯ ಸಲ ತಮ್ಮ ಮೊಮ್ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ಯಾವಾಗ ಎಂದು ಕೇಳುವ ಸಲಿಗೆ ತೆಗೆದುಕೊಳ್ಳುತ್ತೇನೆ. ಮಕ್ಕಳು ಶನಿವಾರ ಸೆವಿಚೆ ತಿನ್ನಲಿ, ಭಾನುವಾರ ಅಜ್ಜನ ಜೊತೆ ಮುದ್ದೆ ನುಂಗಲಿ. ಮುದ್ದೆ ಗಂಟಾಗಿದ್ದರೆ ಅಜ್ಜ ತಟ್ಟೆ ವಾಪಸು ಕಳಿಸಲಿ, ಮೊಮ್ಮಕ್ಕಳು ಅದನ್ನು ನೋಡಲಿ.

ಒಂದು ಕೋರಿಕೆಯೂ ಇದೆ. ಈ ಜುಲೈಯಲ್ಲಿ ಸಹೋದ್ಯೋಗಿ ಮೂರು ವಾರ ರಜೆ ಹಾಕಿ ನನ್ನೊಡನೆ ಊರಿಗೆ ಬರುತ್ತಿದ್ದಾರೆ. ಅವರ ‘ಪಾಪಾ’ ನಮ್ಮ ಹೊಲದಲ್ಲಿ ಹೂ ಬಿಟ್ಟಿರುವುದನ್ನು ನೋಡಬೇಕಂತೆ. ಬೆಂಗಳೂರಿನಿಂದ ಕುಣಿಗಲ್, ಚನ್ನರಾಯಪಟ್ಟಣದ ದಾರಿಯಾಗಿ ಹಾಸನಕ್ಕೆ ಹೋಗುತ್ತೇವೆ. ಆ ದಾರಿಯಲ್ಲಿ ಊರಿನವರೇ ಹೋಗಿ ಉಣ್ಣುವ, ಬೋಟಿ ಗೊಜ್ಜನ್ನು ಪಟ್ಟಿಯಲ್ಲಿ ಧೈರ್ಯವಾಗಿ ಬರೆದಿರುವ ಸಣ್ಣ ಹೋಟೆಲು ಗೊತ್ತಿದ್ದವರು ದಯವಿಟ್ಟು ಇದೇ ಅಂಕಣಕ್ಕೆ ಬರೆದು ತಿಳಿಸಿ. ಜುಲೈ 28 ಪೆರುವಿನ ಸ್ವಾತಂತ್ರ್ಯ ದಿನ. ಆ ದಿನ ಅವರು ನಮ್ಮ ಮನೆಯಲ್ಲಿರುತ್ತಾರೆ. ಅಂದು ಅಡುಗೆ ಏನು ಮಾಡಲಿ ಎಂದು ಅಮ್ಮ ಈಗಲೇ ಫೋನಿನಲ್ಲಿ ಕೇಳುತ್ತಿದ್ದಾರೆ. ಸೊಸೆಯನ್ನು ಅಳಿಸುವ ಆ ಗಡ್ಡೆಯ ಬಿತ್ತನೆಯ ವಿಚಾರವನ್ನೂ ಅವರು ಮರೆತಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು,
ಕ್ಲಿಫ್ಟನ್, ನ್ಯೂಜೆರ್ಸಿ